ಜಟಿಲತೆಯ ಹೊರೆ ಯಾರ ಹೆಗಲಿಗೆ?

ಮೊಬೈಲ್ ಫೋನಿನಲ್ಲಿ ಸೌಲಭ್ಯ ಹೆಚ್ಚಿದಷ್ಟೂ ಒಳ್ಳೆಯದೋ, ಕಡಿಮೆಯಾದಷ್ಟೂ ಒಳ್ಳೆಯದೋ? ನಮ್ಮ ಬ್ರಹ್ಮಾವರದ ಮನೆಗಳಲ್ಲಿ ಎರಡೂ ಪಕ್ಷದವರು ಒಂದೇ ಸೂರಿನಡಿ ಇದ್ದಾರೆ. ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಒಳ್ಳೆಯ ಕ್ಯಾಮೆರಾ ಬೇಕು. ಅಜ್ಜಿಗೆ ‘ಮಾತಾಡುಕ್ ಆದ್ರೆ ಸಾಕ್ ಮಗಾ’. ಇಬ್ಬರ ಬೇಡಿಕೆಯೂ ನ್ಯಾಯವೇ. ಆದ್ದರಿಂದ ಸೌಲಭ್ಯಗಳನ್ನು ಎಣಿಸುವುದಕ್ಕಿಂತ, ಅವುಗಳ ಜಟಿಲತೆಯನ್ನು ಹೊರುವವರು ಯಾರು ಎಂದು ಕೇಳುವುದು ಮುಖ್ಯ.

ಸರಳ ಫೋನಿನ ಶಕ್ತಿಯನ್ನು ಕಡೆಗಣಿಸುವಂತಿಲ್ಲ. 1997ರಿಂದ 2001ರ ನಡುವೆ ಕಾಸರಗೋಡು ಸೇರಿದಂತೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂದಾಗ ಆದ ಬದಲಾವಣೆಯನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿದರು. ಮೀನುಗಾರರು ಕಡಲಿನಿಂದಲೇ ದರ ವಿಚಾರಿಸಿ, ಬೇಡಿಕೆ ಇರುವ ದಡಕ್ಕೆ ದೋಣಿ ತಿರುಗಿಸಿದರು. ಅವರ ಲಾಭ ಸರಾಸರಿ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ. 4ರಷ್ಟು ಇಳಿಯಿತು. ಇಷ್ಟಕ್ಕೆಲ್ಲ ಬೇಕಾದದ್ದು ಬರೀ ಮಾತು. 2003ರಲ್ಲಿ ಬಂದ ನೋಕಿಯಾ 1100 ಟಾರ್ಚ್ ಮತ್ತು ಧೂಳು ತಡೆಯುವ ಕೀಪ್ಯಾಡ್ ಹೊತ್ತು 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಮಳೆಗಾಲದಲ್ಲಿ ಕರೆಂಟು ಹೋದರೆ ನಮ್ಮ ಊರಿಗೂ ಬೇಕಾದದ್ದು ಟಾರ್ಚ್ ಮತ್ತು ದಿನಗಟ್ಟಲೆ ನಿಲ್ಲುವ ಚಾರ್ಜ್. ಟಚ್ ಫೋನಿನ ಪರದೆ ಬೆರಳು ಮುಟ್ಟಿದಾಗ ಆಗುವ ವಿದ್ಯುತ್ ಬದಲಾವಣೆಯನ್ನು ಗುರುತಿಸಿ ಕೆಲಸ ಮಾಡುವಂಥದ್ದು, ನೀರಹನಿ ಬಿದ್ದರೆ ತಬ್ಬಿಬ್ಬಾಗುತ್ತದೆ. ಹಂಗಾರಕಟ್ಟೆಯಲ್ಲಿ ಒದ್ದೆ ಕೈಯಲ್ಲಿ ಬಲೆ ಎಳೆಯುವವರಿಗೆ ಗುಂಡಿಯೇ ವಾಸಿ.

ಹಾಗೆಂದು ಹಿಂದಕ್ಕೆ ಹೋಗುವುದು ಪರಿಹಾರವಾಗದು. 2020ರಿಂದ ರಾಜ್ಯದ ರೈತರು ಬೆಳೆ ಸಮೀಕ್ಷೆ ಆಪ್‌ನಲ್ಲಿ ತಮ್ಮ ಸರ್ವೆ ನಂಬರಿನ ಬೆಳೆಯನ್ನು ತಾವೇ ದಾಖಲಿಸಬಹುದು. ಕ್ಯಾಮೆರಾ ಇಲ್ಲದೆ ಅದು ಆಗದ ಕೆಲಸ. ಮುಂಬಯಿಯಲ್ಲೋ ಗಲ್ಫಿನಲ್ಲೋ ಇರುವ ಮಗನ ಮುಖ ನೋಡಬೇಕೆನ್ನುವ ತಾಯಿಗೆ ವಿಡಿಯೋ ಕಾಲ್ ಬೇಕೇ ಬೇಕು. ವಯಸ್ಸಾದವರಿಗೆ ಇದೆಲ್ಲ ಯಾಕೆ ಎನ್ನುವುದು ಅವರಿಗೆ ಮಾಡುವ ಅನ್ಯಾಯ.

ಕಂಪ್ಯೂಟರ್ ವಿಜ್ಞಾನಿ ಲ್ಯಾರಿ ಟೆಸ್ಲರ್ ಒಂದು ತತ್ತ್ವ ಹೇಳಿದ್ದರು: ಜಟಿಲತೆಯನ್ನು ಒಂದು ಮಿತಿಗಿಂತ ಕೆಳಗೆ ಇಳಿಸಲಾಗದು, ಅದನ್ನು ತಯಾರಿಸುವವರು ಹೊರಬೇಕು, ಇಲ್ಲವೇ ಬಳಸುವವರು ಹೊರಬೇಕು. ನಮ್ಮ ಜಿಲ್ಲೆಗೆ ಈ ತತ್ತ್ವ ಹೊಸದಲ್ಲ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸುತ್ತಿದ್ದರು. ಲೆಕ್ಕಪತ್ರದ ತಲೆನೋವು ಬ್ಯಾಂಕಿನದು, ಉಳಿತಾಯ ಜನರದು. ಇಂದು ಅಂಗಡಿಯಲ್ಲಿ ಹಣ ಬಂದೊಡನೆ ಕನ್ನಡದಲ್ಲಿ ಕೂಗಿ ಹೇಳುವ ಪೆಟ್ಟಿಗೆಯೂ ಅದೇ ದಾರಿಯದು. ಅದರ ಹಿಂದೆ ದೊಡ್ಡ ತಂತ್ರಜ್ಞಾನವಿದೆ. ವ್ಯಾಪಾರಿ ಕಿವಿಗೊಟ್ಟರೆ ಸಾಕು.

ಫೋನಿನಲ್ಲೂ ಹೀಗೇ ಆಗಬೇಕು. ಕರೆ, ಸಂದೇಶ, ಟಾರ್ಚ್ ಮೊದಲ ಪರದೆಯಲ್ಲೇ ದೊಡ್ಡ ಕನ್ನಡ ಅಕ್ಷರದಲ್ಲಿರಲಿ. ಅಪ್‌ಡೇಟ್ ಬಂದಾಗಲೆಲ್ಲ ಅವುಗಳ ಜಾಗ ಬದಲಾಗದಿರಲಿ. ಮಿಕ್ಕ ಸೌಲಭ್ಯಗಳು ಒಳಗಿರಲಿ, ಬೇಕಾದವರು ತೆರೆದುಕೊಳ್ಳಲಿ. ಕಚೇರಿ, ಬ್ಯಾಂಕುಗಳ ಹೊಣೆಯೂ ಇದೆ. ಬಟನ್ ಫೋನಿನಿಂದಲೇ ಕರೆ ಮಾಡಿ ಹಣ ಕಳಿಸುವ ಯುಪಿಐ 123ಪೇ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಚಾಲನೆ ಕೊಟ್ಟಿತು. ಇದನ್ನು ಜನರಿಗೆ ಕಲಿಸಬೇಕು. ಆಪ್ ಇದೆ ಎಂದು ಕೌಂಟರ್ ಮುಚ್ಚಬಾರದು. ಮುಚ್ಚಿದರೆ ಫೋನ್ ಅರ್ಥವಾಗದವರು ಒಟಿಪಿ, ಪಿನ್ ಸಮೇತ ಅದನ್ನು ಅಪರಿಚಿತರ ಕೈಗೆ ಕೊಡುತ್ತಾರೆ. ವಂಚನೆಗೆ ದಾರಿಯಾಗುವುದು ಅಲ್ಲೇ.

ಬಳಸುವವರನ್ನು ತಮ್ಮ ಹಣ, ತಮ್ಮ ಮಾತು, ತಮ್ಮ ದಾಖಲೆಗಾಗಿ ಇನ್ನೊಬ್ಬರ ಬೆರಳಿಗೆ ಕಾಯುವಂತೆ ಮಾಡುವ ಫೋನನ್ನು, ಅದರಲ್ಲಿ ಎಷ್ಟೇ ಸೌಲಭ್ಯಗಳಿದ್ದರೂ, ಮುಂದುವರಿದ ಫೋನ್ ಎಂದು ಕರೆಯಲಾಗದು.