ಇದು ಯಾರ ಮೈಲಿಗೆ?

ನಾವು ಮುಟ್ಟಿದರೆ ನೀರು ಕೆಡುತ್ತೆ ಅಂದ ದೇಶ ಇದು. 1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದದ್ದಕ್ಕೆ ಸವರ್ಣೀಯರು ಸಗಣಿ, ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಈಗ ನೀರನ್ನು ನಿಜವಾಗಿ ಕೆಡಿಸುತ್ತಿರುವವರು ಯಾರು?

2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಯೋಜನೆ ದಿನಕ್ಕೆ 44 ಕೋಟಿ ಲೀಟರಿನದು. ಬತ್ತಿದ ಬೋರ್‌ವೆಲ್ಲಿಗೆ ಜೀವ ಬಂತು, ಸುಳ್ಳಲ್ಲ. ಸಾವಿರ ಅಡಿ ಕೊರೆದು ಧೂಳು ಕಂಡ ನಮಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನೀರಿನ ಜೊತೆ ಇನ್ನೇನು ಇಳೀತಾ ಐತೆ?

ನಗರದ ಬಚ್ಚಲಿನಿಂದ ಬರೋದು ಬರೀ ಕೊಳೆಯಲ್ಲ. ಸೋಪಿನ ಟ್ರೈಕ್ಲೋಸಾನ್, ಮಾರ್ಜಕ ಕೊಳಚೆಯಲ್ಲಿ ಒಡೆದು ಹುಟ್ಟುವ ನೊನೈಲ್‌ಫಿನಾಲ್, ಮಾತ್ರೆಗಳ ಈಸ್ಟ್ರೋಜನ್. ಇವು ಮೈಯ ಹಾರ್ಮೋನುಗಳ ಕೆಲಸ ಕೆಡಿಸುವಂಥವು. 2001ರಿಂದ 2003ರವರೆಗೆ ಕೆನಡಾದ ವಿಜ್ಞಾನಿಗಳು ಪ್ರಯೋಗಕ್ಕೆಂದೇ ಒಂದು ಕೆರೆಗೆ ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ ಬೆರೆಸಿದರು. ಲೀಟರಿಗೆ 5-6 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಐದಾರು ಪಾಲು. ಅಷ್ಟಕ್ಕೇ ಗಂಡು ಮೀನುಗಳು ಹೆಣ್ಣಿನ ಲಕ್ಷಣ ತಾಳಿದವು, ಸಣ್ಣ ಮೀನಿನ ಸಂತತಿಯೇ ಕುಸಿಯಿತು.

ಮಣ್ಣು ಸೋಸುತ್ತೆ ಅಂತಾರೆ. ಮಣ್ಣು ಒಂದಿಷ್ಟು ಸೋಸೀತು. ನಮ್ಮ ಬಿರುಕು ಬಂಡೆ ಸೋಸುತ್ತಾ? ಪರೀಕ್ಷೆ ಮಾಡಿದೀವಿ, ಎಲ್ಲ ಸರಿ ಐತೆ ಅಂತಾರೆ. ಯಾವ ಪರೀಕ್ಷೆ ಸ್ವಾಮಿ? ಕೊಳಚೆ ಘಟಕಗಳಿಗೆ ಕೇಂದ್ರದ 2017ರ ಅಧಿಸೂಚನೆ ಹಾಕಿದ ಅಳತೆ ನಾಲ್ಕೇ: ಪಿಎಚ್, ಬಿಓಡಿ, ತೇಲುವ ಕಣ, ಮಲದ ಬ್ಯಾಕ್ಟೀರಿಯಾ. ಹಾರ್ಮೋನು ಕೆಡಿಸುವ ಒಂದು ರಾಸಾಯನಿಕವೂ ಆ ಪಟ್ಟಿಯಲ್ಲಿಲ್ಲ. ಹುಡುಕದೇ ಇದ್ದದ್ದು ಸಿಗೋದು ಹೆಂಗೆ?

ಮಾತ್ರೆ ನುಂಗುವ ಹೆಂಗಸಿನ ಮೇಲೆ, ಬಟ್ಟೆ ಒಗೆಯುವ ಕೈಯ ಮೇಲೆ ನಮ್ಮ ದೂರಿಲ್ಲ. ಮಾರಿ ಲಾಭ ಎಣಿಸಿದವರ ಮೇಲೆ, ಕಣ್ಣುಮುಚ್ಚಿ ಕೂತ ಸರ್ಕಾರದ ಮೇಲೆ ದೂರು. ಯೂರೋಪಿನ ಒಕ್ಕೂಟ 2024ರಲ್ಲಿ ಕಾಯ್ದೆ ಮಾಡಿತು: ಇಂಥ ಸೂಕ್ಷ್ಮ ವಿಷ ತೆಗೆಯುವ ಹೆಚ್ಚಿನ ಶುದ್ಧೀಕರಣದ ಖರ್ಚಿನಲ್ಲಿ ಕನಿಷ್ಠ ನೂರಕ್ಕೆ 80 ಪಾಲು ಔಷಧಿ, ಸೌಂದರ್ಯ ಸಾಮಗ್ರಿ ಮಾಡುವವರೇ ಕೊಡಬೇಕು. ಇಲ್ಲಿ? ಲಾಭ ಅವರಿಗೆ, ಗಲೀಜು ನಮಗೆ. ದುಡ್ಡಿದ್ದವನು ಕ್ಯಾನ್ ನೀರು ತರಿಸ್ತಾನೆ. ಕೇರಿಯವರು ಬೋರಿನ ನೀರೇ ಕುಡೀಬೇಕು.

ನಾವು ನೀರು ಬೇಡ ಅಂತಿಲ್ಲ. ಮೂರನೇ ಹಂತದ ಶುದ್ಧಿ ಮಾಡಿ, ಇದ್ದಿಲು-ಓಜೋನ್ ದಾಟಿಸಿ ಕೊಡಿ. ಕೇರಿಯ ಬೋರಿನಲ್ಲಿ ಈ ವಿಷಗಳನ್ನು ಹೆಸರು ಹಿಡಿದು ಹುಡುಕಿ. ಸಿಕ್ಕಿದ್ದನ್ನು ಕನ್ನಡದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಿ. ಎಂಜಲೆಲೆ ಎತ್ತಿದ್ದು ಸಾಕು. ಎಂಜಲು ನೀರು ನಾವು ಕುಡಿಯೊಲ್ಲ.