ಕೈ ಬದಲಾದ ಗಾಡಿ, ಬದಲಾಗದ ಹೆಸರು

ತೊಗರಿಯ ರಾಶಿ ಮುಗಿದು ಮಾಲು ಕಲಬುರಗಿಯ ಗಂಜ್ ಸೇರಿದ ಮೇಲೆಯೇ ಈ ಭಾಗದ ರೈತನ ಕೈಗೆ ವರ್ಷದ ದೊಡ್ಡ ಮೊತ್ತ ಬರುವುದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಆ ಹಣ ಹಳೆಯ ಪಿಕಪ್ ವಾಹನದ ಖರೀದಿಗೆ ವಿನಿಯೋಗವಾಗುವುದುಂಟು. ಹೊಸ ಬೊಲೆರೊ ಪಿಕಪ್ ಮಳೆಯನ್ನೇ ನಂಬಿದ ಒಕ್ಕಲುತನಕ್ಕೆ ಸುಲಭವಾಗಿ ಎಟುಕುವಂಥದ್ದಲ್ಲ. ಐದಾರು ವರ್ಷ ಓಡಿದ ಗಾಡಿಯಾದರೆ ಸ್ವಂತ ಫಸಲನ್ನೂ ಸಾಗಿಸಬಹುದು, ಉಳಿದ ದಿನಗಳಲ್ಲಿ ಬಾಡಿಗೆಗೂ ಓಡಿಸಬಹುದು. ಈ ಲೆಕ್ಕಾಚಾರದಲ್ಲಿ ದೋಷವಿಲ್ಲ. ದೋಷವಿರುವುದು ವ್ಯವಹಾರ ಮುಗಿಸುವ ಕ್ರಮದಲ್ಲಿ.

ಕೊಳ್ಳುವವರು ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ದು ಎಂಜಿನ್, ಚಾಸಿ, ಟೈರುಗಳನ್ನು ಪರೀಕ್ಷಿಸುತ್ತಾರೆ. ಬೆಲೆ ಕುದುರಿದರೆ ಛಾಪಾ ಕಾಗದದ ಮೇಲೆ ಕರಾರು ಬರೆದು ಕೀಲಿಕೈ ಪಡೆಯುತ್ತಾರೆ. ಆರ್‌ಸಿ ಪುಸ್ತಕದಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ಅದೇ ಗಾಡಿ ಮುಂದೆ ಇನ್ನೊಬ್ಬರಿಗೆ, ಮತ್ತೊಬ್ಬರಿಗೆ ದಾಟುತ್ತದೆ.

ಕಾನೂನಿನ ದೃಷ್ಟಿಯಲ್ಲಿ ಇದು ಅಪಾಯದ ಆಟ. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಸ್ಪಷ್ಟಪಡಿಸಿತು. ಹಲವು ಕೈ ದಾಟಿದ್ದ ಕಾರೊಂದು ಅಪಘಾತಕ್ಕೀಡಾದಾಗ, ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿದ್ದ ಮೊದಲ ಮಾಲೀಕನದೇ ಎಂದು ನ್ಯಾಯಾಲಯ ತೀರ್ಪಿತ್ತಿತು. ಅಂದರೆ ಮಾರಿ ನಿಶ್ಚಿಂತನಾದವನೂ ಸುರಕ್ಷಿತನಲ್ಲ. ಕೊಂಡವನ ಸ್ಥಿತಿಯೂ ಉತ್ತಮವೇನಲ್ಲ. ಮಾರಾಟದೊಂದಿಗೆ ತಾನಾಗಿ ವರ್ಗವಾಗುವುದು ಮೂರನೆಯವರ ಪರಿಹಾರಕ್ಕೆ ಸಂಬಂಧಿಸಿದ ವಿಮೆ ಮಾತ್ರ. ಪಾಲಿಸಿ ಹೊಸಬನ ಹೆಸರಿಗೆ ಬಾರದಿದ್ದರೆ ಅವನ ಗಾಡಿಗೆ ಆದ ಹಾನಿಯನ್ನು ತುಂಬಿಕೊಡುವವರಿಲ್ಲ. ಹಳೆಯ ಸಾಲ ತೀರದಿದ್ದರೆ ಹಣಕಾಸು ಸಂಸ್ಥೆಯವರು ಬಂದು ಗಾಡಿಯನ್ನೇ ಎಳೆದೊಯ್ಯಬಹುದು.

ಗಡಿಗೆ ಹೊಂದಿಕೊಂಡ ಆಳಂದ, ಅಫಜಲಪುರಗಳಲ್ಲಿ ಇನ್ನೊಂದು ತೊಡಕೂ ಇದೆ. ಸೊಲ್ಲಾಪುರದ ಎಂಎಚ್–13 ಸಂಖ್ಯೆಯ ಗಾಡಿ ಅಗ್ಗವೆಂದು ಕಂಡರೂ, ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಹೊಸ ನೋಂದಣಿ ಇವನ್ನೆಲ್ಲ ಕೂಡಿಸಿದ ಮೇಲಷ್ಟೇ ಅದರ ನಿಜವಾದ ಬೆಲೆ ತಿಳಿಯುವುದು.

ಇದನ್ನೆಲ್ಲ ರೈತರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಮೂರೂ ತಾಲ್ಲೂಕುಗಳ ಜನ ಹೋಗಬೇಕಾದುದು ಕಲಬುರಗಿಯ ಆರ್‌ಟಿಒ ಕಚೇರಿಗೆ. ಆಳಂದ, ಜೇವರ್ಗಿಗಳಿಂದ ಅದು ಸುಮಾರು 40 ಕಿ.ಮೀ., ಅಫಜಲಪುರದಿಂದ ಸುಮಾರು 60. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30, ಸಾಲವಿದ್ದ ಗಾಡಿಗೆ ನಮೂನೆ 35 ಬೇಕು. ಒಂದು ಸಹಿ ತಪ್ಪಿದರೆ ಮತ್ತೊಂದು ದಿನದ ಕೂಲಿ ಹೋಗುತ್ತದೆ. ಹೀಗಿರುವಾಗ ಏಜೆಂಟನನ್ನು ಹಿಡಿಯುವುದು, ಇಲ್ಲವೇ ‘ಮುಂದೆ ನೋಡೋಣ’ ಎಂದು ಬಿಡುವುದು ಸಹಜ.

ಹಳೆಯ ವಾಹನಗಳ ವ್ಯಾಪಾರಿಗಳು ಅಧಿಕಾರಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ನೆಂಟರ, ಪರಿಚಯದವರ ಮೂಲಕ ಸಂತೆಯಲ್ಲೋ ಚಹಾದಂಗಡಿಯಲ್ಲೋ ಕುದುರುವ ವ್ಯವಹಾರವನ್ನು ಆ ನಿಯಮ ಮುಟ್ಟುವುದಿಲ್ಲ.

ಆದ್ದರಿಂದ ಸಾರಿಗೆ ಇಲಾಖೆಯೇ ಜನರ ಬಳಿಗೆ ಹೋಗಬೇಕು. ತೊಗರಿ ಮಾರಾಟದ ತಿಂಗಳುಗಳಲ್ಲಿ ಮೂರೂ ತಾಲ್ಲೂಕು ಕೇಂದ್ರಗಳ ಎಪಿಎಂಸಿ ಪ್ರಾಂಗಣಗಳಲ್ಲಿ ನಿಗದಿತ ದಿನ ಹೆಸರು ವರ್ಗಾವಣೆ ಶಿಬಿರ ನಡೆಸಲಿ. ಮಾರುವವರು, ಕೊಳ್ಳುವವರು, ಸಾಲ ಕೊಟ್ಟ ಸಂಸ್ಥೆ ಮತ್ತು ವಿಮಾ ಕಂಪನಿಯ ಪ್ರತಿನಿಧಿಗಳು ಒಂದೇ ಕಡೆ ಸೇರಿದರೆ ತಿಂಗಳ ಅಲೆದಾಟ ಒಂದು ದಿನದಲ್ಲಿ ಮುಗಿದೀತು. ಕೊಳ್ಳುವವರೂ ಮುಂಗಡ ಕೊಡುವ ಮುನ್ನ ಪರಿವಾಹನ್ ಜಾಲತಾಣದಲ್ಲಿ ಗಾಡಿಯ ಸಾಲ, ವಿಮೆ, ಫಿಟ್‌ನೆಸ್‌ಗಳ ಸ್ಥಿತಿಯನ್ನು ನೋಡಲಿ. ಆರ್‌ಸಿ ತಮ್ಮ ಹೆಸರಿಗೆ ಬರುವವರೆಗೆ ಹಣದ ಒಂದು ಪಾಲನ್ನು ತಡೆಹಿಡಿಯಲಿ. ಒಂದು ವರ್ಷದ ಬೆಳೆಯನ್ನೇ ಪಣಕ್ಕಿಟ್ಟು ಕೊಳ್ಳುವ ಗಾಡಿಗೆ ಇಷ್ಟಾದರೂ ರಕ್ಷಣೆ ಬೇಡವೇ?