ಅರಿಶಿನ ಹಚ್ಚಿ ಕಳೆದ ಎಂಟು ದಿನ

ಈ ವಾರ ಟೊಮೆಟೊ ರಂಗೋಲಿ ಹುಳುವಿನ ಬಗ್ಗೆ ಬರೆಯಬೇಕು ಅಂದ್ಕೊಂಡಿದ್ದೆ. ಅದು ಮುಂದಿನ ವಾರಕ್ಕಿರಲಿ. ಮೂರು ತಿಂಗಳಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಷಯ ಇದೆ, ಅದನ್ನ ಹೇಳಿಬಿಡ್ತೀನಿ. ತೋಟದಲ್ಲಿ ನಾಯಿ ಸಾಕಿರೋರೆಲ್ಲ ಓದಿ. ಸಾವಯವ ಅಂತ ಹೆಮ್ಮೆಯಿಂದ ಬೋರ್ಡ್ ಹಾಕ್ಕೊಂಡಿರೋ ನನ್ನಂಥವರು ಎರಡು ಸಲ ಓದಿ.

ನಮ್ಮ ಮನೆ ಚಾಂಪಿಯನ್ ರೀಫ್ಸ್‌ನ ಹಳೇ ಗಣಿ ಲೈನಿನಲ್ಲಿ. ಜಮೀನು ಕಾಮಸಮುದ್ರ ಕಡೆ, ಎರಡೂವರೆ ಎಕರೆ. ಜಿಮ್ಮಿ ನಮ್ಮ ನಾಟಿ ನಾಯಿ, ಹತ್ತು ವರ್ಷ ದಾಟಿದೆ, ಹದಿನೆಂಟು ಕೆ.ಜಿ. ತೂಕ. ಟಿವಿಎಸ್ ಎಕ್ಸೆಲ್ ಮುಂದೆ ನಿಂತ್ಕೊಂಡು ನನ್ನ ಜೊತೆ ಜಮೀನಿಗೆ ಬರ್ತಿದ್ದ. ಹಂದಿ ಕಾಟದ ದಿನಗಳಲ್ಲಿ ರಾತ್ರಿ ಅಲ್ಲೇ ಇರ್ತಿದ್ದ. ನಮ್ಮ ಕಡೆ ಕಾಡುಹಂದಿ ಎಷ್ಟಿದೆ ಅಂತ ಬಂಗಾರಪೇಟೆ ತಾಲ್ಲೂಕಿನವರಿಗೆ ಹೇಳಬೇಕಾಗಿಲ್ಲ. ಆನೆಯೂ ಬರುತ್ತೆ. ನೆಲಗಡಲೆ, ರಾಗಿ ಒಂದೇ ರಾತ್ರಿಗೆ ಹೋಗುತ್ತೆ.

ಒಂದು ಮಂಗಳವಾರ ರಾತ್ರಿ ಹೋದವನು ಬೆಳಿಗ್ಗೆ ಬರಲಿಲ್ಲ. ಮಾರನೇ ದಿನ ಸಂಜೆ ಪಕ್ಕದ ಜಮೀನಿನ ಬೇಲಿಯಲ್ಲಿ ಸಿಕ್ಕ. ಎಡಗಡೆ ಹಿಂಗಾಲಿಗೆ ಬೈಕಿನ ಕ್ಲಚ್ ವೈರ್ ಬಿಗಿದಿತ್ತು. ಹಂದಿಗೆ ಇಟ್ಟ ಉರುಳು. ಎಳೆದಷ್ಟೂ ಬಿಗಿಯೋದೇ ಅದರ ಗುಣ, ಅವನು ರಾತ್ರಿ ಪೂರ್ತಿ ಎಳೆದಿದ್ದಾನೆ. ಕಟಿಂಗ್ ಪ್ಲೇಯರ್ ತಂದು ಕತ್ತರಿಸಿದೆ. ಮೊಣಕಾಲಿನ ಕೆಳಗೆ ಸುತ್ತಲೂ ಬಳೆ ತೊಡಿಸಿದ ಹಾಗೆ ಗಾಯ, ಪಾದ ಊದಿಕೊಂಡಿತ್ತು. ಆದರೆ ಮೂಳೆ ಮುರಿದಿರಲಿಲ್ಲ, ರಕ್ತವೂ ಜಾಸ್ತಿ ಇರಲಿಲ್ಲ. ಅದನ್ನ ನೋಡಿಯೇ ನಾನು ಮೋಸ ಹೋದೆ.

ಬೇವಿನ ಕಷಾಯದಲ್ಲಿ ತೊಳೆದೆ. ಅರಿಶಿನ, ಜೇನುತುಪ್ಪ ಕಲಸಿ ಹಚ್ಚಿದೆ. ಹಳೇ ಪಂಚೆ ಹರಿದು ಕಟ್ಟಿದೆ. ದಿನಾ ಬಿಚ್ಚೋದು, ತೊಳೆಯೋದು, ಹಚ್ಚೋದು. ಗಾಯದ ಮೇಲ್ಭಾಗ ಒಣಗ್ತಾ ಬಂತು, ಖುಷಿಯಾಯ್ತು. ಫೋಟೊ ತೆಗೆದು ಗ್ರೂಪಿಗೂ ಹಾಕಿದೆ, ನಾಚಿಕೆ ಬಿಟ್ಟು ಹೇಳ್ತಿದ್ದೀನಿ. ಎಂಟನೇ ದಿನ ಬಟ್ಟೆ ಬಿಚ್ಚಿದಾಗ ವಾಸನೆ ಬಂತು. ಪಾದ ಮುಟ್ಟಿದರೆ ತಣ್ಣಗೆ. ಬೆರಳು ಹಿಸುಕಿದರೂ ಜಿಮ್ಮಿ ಕಾಲು ಎಳೆದುಕೊಳ್ಳಲಿಲ್ಲ. ನೋವಿಲ್ಲ, ಪರವಾಗಿಲ್ಲ ಅಂದ್ಕೊಂಡ ಅರ್ಧ ನಿಮಿಷ ಇನ್ನೂ ನೆನಪಿದೆ. ಆಮೇಲೆ ಹೊಳೀತು: ನೋವಿಲ್ಲ ಅಂದರೆ ಅಲ್ಲಿ ಜೀವ ಇಲ್ಲ.

ಪಶು ಆಸ್ಪತ್ರೆಯ ಡಾಕ್ಟರು ಉಗುರಿನ ಹತ್ತಿರ ಸೂಜಿ ಚುಚ್ಚಿ ನೋಡಿದರು. ಒಂದು ತೊಟ್ಟು ರಕ್ತ ಬರಲಿಲ್ಲ. 'ಗ್ಯಾಂಗ್ರಿನ್ ಆಗಿದೆ, ಕಾಲು ತೆಗೀಬೇಕು, ಹೆಬ್ಬಾಳಕ್ಕೆ ಕರ್ಕೊಂಡು ಹೋಗಿ' ಅಂದರು. ಮೊದಲ ದಿನವೇ ಬಂದಿದ್ದರೆ ಕಾಲು ಉಳೀತಿತ್ತಾ ಸಾರ್ ಅಂತ ಕೇಳಿದೆ. 'ಹೇಳೋಕಾಗಲ್ಲ. ಆದ್ರೆ ಎಂಟು ದಿನದ ನೋವು ಉಳೀತಿತ್ತು' ಅಂದರು. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ನಾನು ತೋಟಗಾರಿಕೆ ಓದಿದವನು. ಮಾವಿನ ಕೊಂಬೆ ತುದಿಯಿಂದ ಒಣಗುತ್ತಾ ಬಂದರೆ, ಒಣಗಿದ ಭಾಗಕ್ಕಿಂತ ಮೂರು ಇಂಚು ಕೆಳಗೆ ಹಸಿ ಭಾಗದಲ್ಲಿ ಕತ್ತರಿಸಿ ಬೋರ್ಡೋ ಪೇಸ್ಟ್ ಹಚ್ಚಿ ಅಂತ ಎಷ್ಟು ಜನರಿಗೆ ಹೇಳಿದ್ದೀನೋ ಲೆಕ್ಕ ಇಲ್ಲ. ಕೊಂಬೆ ಕಡಿಯೋಕೆ ಹಿಂದೆಮುಂದೆ ನೋಡೋ ರೈತರನ್ನ ಗದರಿದ್ದೂ ಇದೆ. ನನ್ನ ನಾಯಿ ಕಾಲಿನ ವಿಷಯಕ್ಕೆ ಬಂದಾಗ ಬೇರೆ ಯಾವುದಾದರೂ ಸೊಪ್ಪು ಇದೆಯಾ ಅಂತ ಫೋನಿನಲ್ಲಿ ಹುಡುಕುತ್ತಾ ಕೂತೆ. ನನ್ನ ಸಾವಯವ ನಂಬಿಕೆ ಮಣ್ಣಿಗೆ ಸಂಬಂಧಿಸಿದ್ದು. ರಕ್ತ ನಿಂತುಹೋದ ಕಾಲಿಗೂ ಅದೇ ನಂಬಿಕೆ ಹಚ್ಚಿದ್ದು ತಪ್ಪು. ಅರಿಶಿನದ ತಪ್ಪೇನೂ ಇಲ್ಲ, ಗೀಚು ಗಾಯಕ್ಕೆ ನಾನು ಈಗಲೂ ಹಚ್ಚಿಕೊಳ್ತೀನಿ.

ಮನೆಯಲ್ಲಿ ಜಗಳವಾಯ್ತು. ಹತ್ತು ವರ್ಷದ ನಾಯಿಗೆ ಯಾಕೆ ಹಿಂಸೆ, ಇಂಜೆಕ್ಷನ್ ಹಾಕಿಸಿ ಮಲಗಿಸಿಬಿಡು ಅಂತ ಚಿಕ್ಕಪ್ಪ. ಮೂರು ಕಾಲಿನ ನಾಯಿ ಏನು ತೋಟ ಕಾಯುತ್ತೆ ಅಂತ ಪಕ್ಕದ ಮನೆಯವರು. ಅಮ್ಮ ಸುಮ್ಮನೆ ಅಳ್ತಿದ್ದರು. ನಮ್ಮಪ್ಪ ಚಾಂಪಿಯನ್ ಗಣಿಯಲ್ಲಿ ಭೂಮಿ ಒಳಗೆ ಕೆಲಸ ಮಾಡಿದವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚೋವರೆಗೂ. ಮೂರು ಕಿಲೋಮೀಟರಿಗೂ ಆಳದ ಗಣಿ ಅದು. ಬಂಡೆ ಸಿಡಿದು ಕೈಕಾಲು ಹೋದವರನ್ನ ಕಣ್ಣಾರೆ ಕಂಡಿದ್ದಾರೆ. ಎಲ್ಲರ ಮಾತು ಮುಗಿದ ಮೇಲೆ, 'ಆಸ್ಪತ್ರೇಲಿ ಕಾಲು ತೆಗೆಸ್ಕೊಂಡವರು ಆರು ತಿಂಗಳಿಗೆ ಟೀ ಅಂಗಡಿಗೆ ಬರ್ತಿದ್ರು. ಕಾಲು ಬೇಕು ಅಂತ ಹಟ ಹಿಡಿದವರದೇ ಕಷ್ಟ ಆಗ್ತಿತ್ತು. ಗಾಡಿ ಮಾಡಪ್ಪ, ನಾಳೆ ಹೋಗೋಣ' ಅಂದರು.

ಮಲಗಿಸೋ ಮಾತು ಯಾವಾಗಲೂ ತಪ್ಪು ಅಂತ ನಾನು ಹೇಳಲ್ಲ. ಉಳಿದ ಮೂರು ಕಾಲೂ ಸಂಧಿವಾತದಿಂದ ಕೆಟ್ಟಿದ್ದರೆ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಅದೇ ದಯೆ ಇರಬಹುದು. ದೊಡ್ಡ ತಳಿಯ ನಾಯಿಗಳಿಗೆ ವಯಸ್ಸಾದಾಗ ಬರೋ ಎಲುಬಿನ ಕ್ಯಾನ್ಸರ್‌ನಲ್ಲೂ ಕಾಲು ತೆಗೀತಾರೆ. ಆದರೆ ಅಷ್ಟರಲ್ಲಿ ಅದು ಬಹುಪಾಲು ಶ್ವಾಸಕೋಶಕ್ಕೆ ಹಬ್ಬಿರುತ್ತೆ. ಬರೀ ಕಾಲು ತೆಗೆದರೆ ಸಾಮಾನ್ಯವಾಗಿ ನಾಲ್ಕೈದು ತಿಂಗಳು, ಕೀಮೋ ಕೊಟ್ಟರೆ ಸುಮಾರು ಹತ್ತು ತಿಂಗಳಿಂದ ಒಂದು ವರ್ಷ ಸಿಗುತ್ತೆ. ಅಲ್ಲಿ ಕಾಲು ತೆಗೆಯೋದು ನೋವು ಕಳೆಯೋಕೆ. '777 ಚಾರ್ಲಿ' ನೋಡಿ ಥಿಯೇಟರಿನಲ್ಲಿ ಅತ್ತ ನಾವು ನಮ್ಮ ಮನೆ ನಾಯಿಯ ಊದಿದ ಕಾಲನ್ನ ಎಷ್ಟು ವಾರ ಸುಮ್ಮನೆ ನೋಡ್ತೀವಿ? ವಯಸ್ಸು ಒಂದನ್ನೇ ನೆಪ ಮಾಡಿ ಬೇಡ ಅನ್ನೋದಕ್ಕೆ ಮಾತ್ರ ನನ್ನ ವಿರೋಧ. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡ, ಲಿವರ್ ಹೇಗಿದೆ, ಉಣ್ಣೆ ಜ್ವರ ಇದೆಯಾ, ಎಕ್ಸ್‌ರೇಯಲ್ಲಿ ಎದೆ ಮತ್ತು ಉಳಿದ ಕೀಲುಗಳು ಹೇಗಿವೆ ಅಂತ ನೋಡಿ ನಿರ್ಧಾರ ಮಾಡೋದು ಡಾಕ್ಟರು. ಜಿಮ್ಮಿಯ ರಕ್ತ ನನ್ನ ರಕ್ತಕ್ಕಿಂತ ಚೆನ್ನಾಗಿತ್ತು.

ಬೆಳಿಗ್ಗೆ ನಾಲ್ಕಕ್ಕೆ ಓಮ್ನಿ ಮಾಡಿಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋದೆವು. ಅರಿವಳಿಕೆ ಕೊಡುವಾಗ ಹೊಟ್ಟೆ ಖಾಲಿ ಇರಬೇಕು, ಹಿಂದಿನ ರಾತ್ರಿಯಿಂದಲೇ ಊಟ ಹಾಕಿರಲಿಲ್ಲ. ಅಪ್ಪ ಬಿಸ್ಕತ್ತು ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಕೊಡೋಕಾಗದೆ ಒದ್ದಾಡಿದರು. ಖರ್ಚಿನ ಮಾತು ಬೇಗ ಮುಗಿಸ್ತೀನಿ: ಖಾಸಗಿ ಕ್ಲಿನಿಕ್‌ನವರು ಫೋನಿನಲ್ಲಿ ಹೇಳಿದ ರೇಟು ಕೇಳಿ ಎದೆ ಧಸಕ್ ಅಂದಿತ್ತು, ಕಾಲೇಜಿನಲ್ಲಿ ಆಗಿದ್ದು ಅದರ ಸಣ್ಣ ಪಾಲು. ಔಷಧಿ, ಓಮ್ನಿ ಬಾಡಿಗೆಯೇ ಜಾಸ್ತಿ. ಮೊದಲೇ ಫೋನ್ ಮಾಡಿ ಕೇಳಿ, ಸಂಕೋಚ ಬೇಡ.

ಒಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಕೊಳೆತದ್ದು ಪಾದ ತಾನೇ, ಅಷ್ಟು ಮಾತ್ರ ತೆಗೆದರೆ ಸಾಲದಾ ಅಂತ ಕೇಳಿದೆ. ಮೋಟುಗಾಲು ಉಳಿಸಿದರೆ ನಾಯಿ ಅದನ್ನ ನೆಲಕ್ಕೆ ಊರೋಕೆ ಹೋಗುತ್ತೆ, ತುದಿ ಉಜ್ಜಿ ಉಜ್ಜಿ ಯಾವತ್ತೂ ವಾಸಿಯಾಗದ ಹುಣ್ಣಾಗುತ್ತೆ. ಅದಕ್ಕೇ ಹಿಂಗಾಲನ್ನ ತೊಡೆಯಲ್ಲೋ ಸೊಂಟದ ಕೀಲಿನಲ್ಲೋ, ಮುಂಗಾಲನ್ನ ಹೆಚ್ಚಾಗಿ ಭುಜದ ಮೂಳೆ ಸಮೇತ ತೆಗೀತಾರೆ. ನಾಯಿ ತನ್ನ ತೂಕದ ಸುಮಾರು 60 ಭಾಗವನ್ನ ಮುಂಗಾಲುಗಳ ಮೇಲೆ, 40 ಭಾಗವನ್ನ ಹಿಂಗಾಲುಗಳ ಮೇಲೆ ಹೊರುತ್ತೆ. ಹಾಗಾಗಿ ಹಿಂಗಾಲು ಹೋದರೆ ಸ್ವಲ್ಪ ಸುಲಭ.

ಮನೆಗೆ ಬಂದ ಮೊದಲ ರಾತ್ರಿಗೆ ನೀವು ಮನಸ್ಸು ಗಟ್ಟಿ ಮಾಡ್ಕೊಂಡಿರಬೇಕು. ಜಿಮ್ಮಿ ರಾತ್ರಿಯೆಲ್ಲ ಊಳಿಟ್ಟ. ತಪ್ಪು ಮಾಡಿಬಿಟ್ಟೆ, ಕೊಂದೇಬಿಟ್ಟೆ ಅನ್ನಿಸಿತು. ಅರಿವಳಿಕೆ, ನೋವಿನ ಔಷಧಿ ಇಳಿಯುವಾಗ ಗಲಿಬಿಲಿಯಿಂದಲೂ ಹಾಗೆ ಕೂಗ್ತಾವಂತೆ. ಲೈಟ್ ಆರಿಸಿ ಪಕ್ಕದಲ್ಲಿ ಮಲಗಿದೆ. ಕೂಗು ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ದಯವಿಟ್ಟು ಮೆಡಿಕಲ್ ಶಾಪಿಗೆ ಓಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತೆ, ಮೂತ್ರಪಿಂಡ ಕೆಡಿಸುತ್ತೆ. ನಮಗೆ ಏನೂ ಅನ್ನಿಸದ ಪ್ಯಾರಾಸಿಟಮಾಲ್ ಕೂಡ ಅಳತೆ ತಪ್ಪಿದರೆ ವಿಷ. (ಡೈಕ್ಲೊಫೆನಾಕ್ ಕೊಟ್ಟ ದನ ಸತ್ತಾಗ ಅದನ್ನ ತಿಂದ ರಣಹದ್ದುಗಳು ಸಾಯ್ತಿದ್ದವು. ಅದಕ್ಕೇ 2006ರಲ್ಲಿ ಜಾನುವಾರುಗಳಿಗೆ ಅದರ ಬಳಕೆ ನಿಷೇಧ ಆಯ್ತು. ಹಳ್ಳಿಯ ಅಂಗಡಿಯಲ್ಲಿ ಈಗಲೂ ಕೇಳೋರಿದ್ದಾರೆ.)

ಎರಡನೇ ದಿನ ಗೋಡೆಗೆ ಒರಗಿ ಎದ್ದು ನಿಂತ. ಉಚ್ಚೆ ಹೊಯ್ಯೋಕೆ ಹೋಗಿ ಬಿದ್ದ. ಆಮೇಲೆ ಹೊಟ್ಟೆ ಕೆಳಗೆ ಟವೆಲ್ ಹಾಕಿ ಎರಡೂ ತುದಿ ಮೇಲೆ ಹಿಡ್ಕೊಂಡು ಹೊರಗೆ ಕರ್ಕೊಂಡು ಹೋಗ್ತಿದ್ದೆ. ಹೆಚ್ಚು ತೊಂದರೆ ಕೊಟ್ಟಿದ್ದು ನಮ್ಮ ಮನೆಯ ನೆಲ. ಹಳೇ ರೆಡ್ ಆಕ್ಸೈಡ್ ನೆಲ, ಅಮ್ಮ ಐವತ್ತು ವರ್ಷದಿಂದ ಒರೆಸಿ ಒರೆಸಿ ಕನ್ನಡಿ ಥರ ಆಗಿದೆ. ಗೋಣಿಚೀಲ ಹಾಸಿದರೆ ಅದೇ ಜಾರಿತು. ಕೊನೆಗೆ ಹಸುವಿಗೆ ಹಾಸೋ ರಬ್ಬರ್ ಮ್ಯಾಟ್ ತಂದು ಬಾಗಿಲಿನಿಂದ ಅವನ ಜಾಗದವರೆಗೂ ಹಾಸಿದೆ. ಅವತ್ತಿನಿಂದ ನಡಿಗೆಯೇ ಬದಲಾಯ್ತು. ಉಗುರು, ಪಾದದ ಅಡಿಯ ಕೂದಲು ಕತ್ತರಿಸಿದರೆ ಇನ್ನೂ ಹಿಡಿತ ಬರುತ್ತೆ.

ಕುತ್ತಿಗೆಗೆ ಹಾಕೋ ಕೊಳವೆಯಂಥ ಕಾಲರ್ ನೋಡಿ ಅಮ್ಮನಿಗೆ ಸಂಕಟ. 'ಪಾಪ, ಊಟ ಮಾಡೋಕಾಗಲ್ಲ' ಅಂತ ಐದನೇ ದಿನ ಬಿಚ್ಚಿದರು. ಹತ್ತು ನಿಮಿಷದಲ್ಲಿ ಎರಡು ಹೊಲಿಗೆ ನೆಕ್ಕಿ ಕಿತ್ತಿದ್ದ. ಮತ್ತೆ ಪಶು ಆಸ್ಪತ್ರೆ, ಮತ್ತೆ ಹೊಲಿಗೆ. ಹೊಲಿಗೆ ಬಿಚ್ಚೋದು ಹತ್ತರಿಂದ ಹದಿನಾಲ್ಕು ದಿನಕ್ಕೆ, ಅಲ್ಲಿವರೆಗೂ ಮನೆಯವರ ಕಣ್ಣೀರಿಗೂ ಕರಗಬೇಡಿ. ನೊಣದ ಬಗ್ಗೆಯೂ ಹುಷಾರಾಗಿರಿ. ನಮ್ಮ ಹವೆಯಲ್ಲಿ ಒಂದು ನೊಣ ಕೂತರೆ ಎರಡು ದಿನಕ್ಕೆ ಹುಳ. ನರ್ಸರಿಗೆ ಅಂತ ತಂದಿದ್ದ 40 ಮೆಶ್ ಬಲೆಯನ್ನ ಅವನ ಮೂಲೆಗೆ ಕಟ್ಟಿದೆ. ಟೊಮೆಟೊ ಸಸಿ ಆ ವರ್ಷ ಬಲೆ ಇಲ್ಲದೆ ಬೆಳೆದವು, ಎಲೆ ಮುರುಟು ರೋಗ ಬಂತು, ಬೈಸ್ಕೊಂಡೆ. ಗಾಯಕ್ಕೆ ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿಯೋದನ್ನ ನಮ್ಮೂರುಗಳಲ್ಲಿ ನೋಡಿದ್ದೀನಿ. ಅದು ಹುಳದ ಜೊತೆ ಚರ್ಮವನ್ನೂ ಸುಡುತ್ತೆ.

ಊಟ ಕಮ್ಮಿ ಮಾಡಿದ್ದೀನಿ. ಮೂರು ಕಾಲಿನ ಮೇಲೆ ಒಂದು ಕೆ.ಜಿ. ಹೆಚ್ಚಾದರೂ ಉಳಿದ ಕೀಲುಗಳಿಗೆ ಭಾರ. ಮೊದಲ ವಾರಗಳಲ್ಲಿ ಹಗ್ಗ ಹಿಡಿದು ಐದೈದು ನಿಮಿಷದ ನಡಿಗೆ ಮಾತ್ರ. ಓಡೋಕೆ, ಮೆಟ್ಟಿಲು ಹತ್ತೋಕೆ ಬಿಡಲಿಲ್ಲ. ಒಂದು ತಿಂಗಳಾದ ಮೇಲೆ ನೋಡ್ತೀನಿ, ಬೆಕ್ಕಿನ ಹಿಂದೆ ಸೈನೈಡ್ ದಿಬ್ಬದ ಕಡೆ ಓಡ್ತಿದ್ದಾನೆ. ಕಾಲು ಹೋಗಿದ್ದು ನಮ್ಮ ತಲೆಯಲ್ಲಿ ಉಳಿದಷ್ಟು ದಿನ ಅವನ ತಲೆಯಲ್ಲಿ ಉಳಿಯಲಿಲ್ಲ. ಬೆಂಗಳೂರಿನಲ್ಲಿ ಚಾರ್ಲಿ ಅನ್ನೋ ಮೂರು ಕಾಲಿನ ನಾಯಿಯ ಹೆಸರಿನಲ್ಲೇ ಒಂದು ಪ್ರಾಣಿ ರಕ್ಷಣಾ ಕೇಂದ್ರ ನಡೀತಿದೆ. ನಾನು ಇದನ್ನೆಲ್ಲ ಓದಿದ್ದು ಆಮೇಲೆ.

ನಿಮಗೆ ನಾನು ಕೇಳೋದು ಇಷ್ಟೇ. ಕಾಲಿಗೆ ವೈರ್, ಹಗ್ಗ ಬಿಗಿದಿದ್ದರೆ, ರೋಟವೇಟರ್ ತಾಗಿದ್ದರೆ, ಬಿಚ್ಚಿದ ಒಂದು ಗಂಟೆಯಲ್ಲಿ ಪಾದ ಬಿಸಿ ಇದೆಯಾ, ಹಿಸುಕಿದರೆ ಎಳ್ಕೊಳ್ಳುತ್ತಾ ನೋಡಿ. ಇಲ್ಲ ಅಂದರೆ ಅವತ್ತೇ ಹೊರಡಿ. ಇದೆ ಅಂದರೂ ಮಾರನೇ ದಿನ ಡಾಕ್ಟರಿಗೆ ತೋರಿಸಿ. ಪಶು ಇಲಾಖೆಯ ಸಹಾಯವಾಣಿ 1962, ಹತ್ತಿರದ ಆಸ್ಪತ್ರೆ ಎಲ್ಲಿ ಅಂತ ಕೇಳೋಕಾದರೂ ಫೋನಿನಲ್ಲಿ ಸೇವ್ ಮಾಡಿಟ್ಕೊಳ್ಳಿ. ಫೋಟೊ ತೆಗೆದು ಗ್ರೂಪಿಗೆ ಹಾಕಿ ಮದ್ದು ಕೇಳೋ ಹೊತ್ತಿನಲ್ಲಿ ಅರ್ಧ ದಾರಿ ಹೋಗಿರ್ತೀರ.

ಉರುಳು ಇಟ್ಟವರು ಯಾರು ಅಂತ ನನಗೆ ಗೊತ್ತು. ಜಗಳಕ್ಕೆ ಹೋಗಲಿಲ್ಲ, ಅವರ ನೆಲಗಡಲೆ ಹಂದಿ ಪಾಲಾಗಿದ್ದನ್ನೂ ನೋಡಿದ್ದೀನಿ. ಉರುಳು ಇಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಅಣ್ಣ, ಬೆಳೆ ಹಾಳಾಗಿದ್ದಕ್ಕೆ ಅರಣ್ಯ ಇಲಾಖೆಗೆ ಇ-ಪರಿಹಾರದಲ್ಲಿ ಅರ್ಜಿ ಹಾಕೋಣ, ನಾನೇ ಫೋನಿನಲ್ಲಿ ತುಂಬಿಸಿಕೊಡ್ತೀನಿ ಅಂದೆ. ಮೊದಲು ಮುಖ ತಿರುಗಿಸಿದರು. ಆಮೇಲೆ ಪಹಣಿ ತಂದುಕೊಟ್ಟರು.

ಜಿಮ್ಮಿ ಈಗ ಎಕ್ಸೆಲ್ ಮುಂದೆ ನಿಲ್ಲಲ್ಲ. ಹಿಂದೆ ಟೊಮೆಟೊ ಕ್ರೇಟ್ ಕಟ್ಟಿ ಅದರಲ್ಲಿ ಕೂರಿಸ್ಕೊಂಡು ಹೋಗ್ತೀನಿ. ಬೇಲಿ ಪೂರ್ತಿ ಸುತ್ತಲ್ಲ, ಡ್ರಿಪ್ ಫಿಲ್ಟರ್ ಹತ್ತಿರ ನೆರಳಲ್ಲಿ ಕೂತು ಬೊಗಳ್ತಾನೆ, ಹಂದಿಗೆ ಅಷ್ಟು ಸಾಕು. ಬೇಲಿ ಸುತ್ತೋದು ನಾನು, ಜೇಬಲ್ಲಿ ಕಟಿಂಗ್ ಪ್ಲೇಯರ್ ಇಟ್ಕೊಂಡು. ಹೋದ ಭಾನುವಾರ ಇನ್ನೆರಡು ಸಿಕ್ಕವು.